ಶಾಂತಲಾ ಹೇಳದ ಹೆಸರು

ನನಗೆ ಅನುಮಾನ ಜಾಸ್ತಿ. ಇದನ್ನು ನಾನೇ ಮೊದಲು ಹೇಳಿಬಿಡುವುದು ವಾಸಿ, ಏಕೆಂದರೆ ಸಹಕಾರನಗರದಲ್ಲಿ ನಮ್ಮ ಬೀದಿಯವರನ್ನು ಯಾರನ್ನು ಕೇಳಿದರೂ ಅವರೇ ಹೇಳುತ್ತಾರೆ. ತರಕಾರಿ ಗಾಡಿಯವನು ಕೊತ್ತಂಬರಿ ಸೊಪ್ಪು ಸುಮ್ಮನೆ ಕೊಟ್ಟರೆ, ಇವನು ಟೊಮೇಟೊದಲ್ಲಿ ಏನೋ ಮಸಲತ್ತು ಮಾಡಿದ್ದಾನೆ ಎಂದು ಒಂದೊಂದನ್ನೂ ಒತ್ತಿ ನೋಡುವವಳು ನಾನು. ಗಂಡ ಬೇಗ ಮನೆಗೆ ಬಂದರೂ ಅನುಮಾನ, ತಡವಾಗಿ ಬಂದರೂ ಅನುಮಾನ. ಪಾಪ, ಆ ಮನುಷ್ಯ ಇಪ್ಪತ್ತೈದು ವರ್ಷದಿಂದ ಸಮಯಕ್ಕೆ ಸರಿಯಾಗಿ ಬರುತ್ತಿದ್ದಾರೆ. ಈಗ ಅದರ ಮೇಲೂ ಅನುಮಾನ.

ಇಂಥವಳಿಗೆ ಸಿಕ್ಕಿರುವ ಕೆಲಸ ನೋಡಿ: ಅಮೃತಹಳ್ಳಿಯ ಶಾಲೆಯೊಂದರಲ್ಲಿ ಕೌನ್ಸೆಲರ್. "ಗೋದಾ ಮೇಡಂ ಹತ್ರ ಕಳಿಸ್ತೀನಿ" ಎಂದರೆ ಐದನೇ ಕ್ಲಾಸಿನ ರೌಡಿಗಳೂ ಬಾಯಿ ಮುಚ್ಚುತ್ತಾರಂತೆ. ಅದು ಹೊಗಳಿಕೆಯೋ ಬೈಗುಳವೋ ನನಗೆ ಇನ್ನೂ ತಿಳಿದಿಲ್ಲ. ಆದರೆ ಅನುಮಾನದಿಂದ ಒಳ್ಳೆಯದೂ ಆಗಿದೆ. ಆರು ವರ್ಷದ ಹಿಂದೆ ಒಂದು ಹುಡುಗಿ ಟ್ಯೂಷನ್ ಎಂದರೆ ಹೊಟ್ಟೆನೋವು ಎನ್ನುತ್ತಿದ್ದಳು. ಎಲ್ಲರೂ ನೆಪ ಎಂದರು, ನಾನು ನಂಬಲಿಲ್ಲ. ಆ ಟ್ಯೂಷನ್ ಮೇಷ್ಟ್ರು ಈಗ ಜೈಲಿನಲ್ಲಿದ್ದಾನೆ. ನನ್ನ ಮೂಗಿಗೆ ವಾಸನೆ ಬಡಿದರೆ ಅದು ಸುಳ್ಳಾಗುವುದಿಲ್ಲ ಎಂದು ಅಂದಿನಿಂದ ನನಗೆ ಗಟ್ಟಿ ನಂಬಿಕೆ. ಆ ನಂಬಿಕೆಯೇ ಹೋದ ವರ್ಷ ದಸರಾ ರಜೆ ಮುಗಿದ ವಾರ, ಏಳು ವರ್ಷದ ಒಂದು ಮಗುವನ್ನು ತಾಯಿಯ ಕೈಯಿಂದ ಬಿಡಿಸಲು ಹೊರಡುವ ತನಕ ನನ್ನನ್ನು ಎಳೆದುಕೊಂಡು ಹೋಯಿತು.

ಅದಕ್ಕೆ ಎರಡು ತಿಂಗಳ ಮುಂಚೆ ಹೆಬ್ಬಾಳದ ಹೋಟೆಲೊಂದರಲ್ಲಿ ನಮಗೆ ಮೂರು ದಿನದ ತರಬೇತಿ ಆಗಿತ್ತು. ಬೇರೆ ಬೇರೆ ಸಂಸ್ಕೃತಿಯ ಮಕ್ಕಳನ್ನು ಅರ್ಥ ಮಾಡಿಕೊಳ್ಳುವುದು ಹೇಗೆ ಎಂಬ ವಿಷಯ. ದೆಹಲಿಯಿಂದ ಬಂದಿದ್ದಾಕೆ ಚೆನ್ನಾಗಿಯೇ ಹೇಳಿಕೊಟ್ಟರು, ಸುಳ್ಳು ಹೇಳಬಾರದು. ಮಣಿಪುರದಿಂದ ಬಂದ ನಮ್ಮ ರೂಬಿ ಮಾತಾಡುವಾಗ ಕಣ್ಣು ತಗ್ಗಿಸುವುದು ಕಳ್ಳತನದಿಂದಲ್ಲ, ಮರ್ಯಾದೆಯಿಂದ ಎಂದು ನನಗೆ ಹೊಳೆದದ್ದೇ ಅಲ್ಲಿ. ಮುಂದಿನ ರಂಜಾನಿನಲ್ಲಿ ಉಪವಾಸ ಇರುವ ಗಯಾಸ್‌ನನ್ನು ಬಿಸಿಲಲ್ಲಿ ಓಡಿಸುವುದಿಲ್ಲ ಎಂದು ಪಿ.ಟಿ. ಮೇಷ್ಟ್ರ ಹತ್ತಿರ ಆಗಲೇ ಮಾತು ತೆಗೆದುಕೊಂಡೆ. ಸರ್ಟಿಫಿಕೇಟಿಗೆ ಕಟ್ಟು ಹಾಕಿಸಿ ನನ್ನ ರೂಮಿನಲ್ಲಿ ತೂಗುಹಾಕಿದೆ. ಆ ಮೂರು ದಿನದಲ್ಲಿ ಶಾಲೆಯ ಹಿಂದಿನ ಬೀದಿಯ ಹಳೇ ಊರಿನವರ ಬಗ್ಗೆ ಯಾರೂ ಒಂದು ಮಾತು ಆಡಲಿಲ್ಲ. ಆಡಬೇಕಿತ್ತು ಎಂದು ನನಗೂ ಅನ್ನಿಸಲಿಲ್ಲ. ಅವರೂ ಯುಗಾದಿ ಮಾಡುತ್ತಾರೆ, ನಾವೂ ಮಾಡುತ್ತೇವೆ, ಅವರಲ್ಲಿ ಅರ್ಥ ಮಾಡಿಕೊಳ್ಳುವಂಥದ್ದು ಇನ್ನೇನಿರುತ್ತದೆ ಎಂದುಕೊಂಡಿದ್ದೆ.

ಆ ಸೋಮವಾರ ಎರಡನೇ ಕ್ಲಾಸಿನ ಟೀಚರ್ ಸೌಜನ್ಯ ಒಂದು ಮಗುವನ್ನು ಕರೆತಂದಳು. ಎಣ್ಣೆ ಹಚ್ಚಿ ಬಿಗಿದ ಎರಡು ಜಡೆ, ಕಿವಿಯಲ್ಲಿ ಆ ವಯಸ್ಸಿಗೆ ಭಾರವೆನಿಸುವ ಹಳೇ ಕಾಲದ ಓಲೆ. ಮಗುವನ್ನು ಹೊರಗೆ ಬೆಂಚಿನ ಮೇಲೆ ಕೂರಿಸಿ ಅವಳೊಬ್ಬಳೇ ಒಳಗೆ ಬಂದಳು.

"ಮೇಡಂ, ಇವಳು ಗೌರಮ್ಮ. ಜೂನ್‌ನಲ್ಲಿ ಸೇರಿದ್ದು. ಮನೆ ಕೆಡವಿ ಕಟ್ಟಿಸೋವಾಗ ಶೆಟ್ಟಿಹಳ್ಳಿ ಕಡೆ ಬಾಡಿಗೆಗಿದ್ರಂತೆ, ಈಗ ವಾಪಸ್ ಬಂದಿದಾರೆ. ಹೆಸರು ಕೂಗಿದ್ರೆ ತಿರುಗೋದೇ ಇಲ್ಲ ಮೇಡಂ. ಅಟೆಂಡೆನ್ಸ್ ಟೈಮಲ್ಲಿ ಪಕ್ಕದ ಮಹತಿ ತಿವೀಬೇಕು, ಆಗ ಎದ್ದು ನಿಂತ್ಕೋತಾಳೆ. ಕಿವಿ ಟೆಸ್ಟ್ ಮಾಡಿಸಿದ್ವಿ, ಕಿವಿ ಚೆನ್ನಾಗೇ ಇದೆ."

"ಏನ್ ಹೆಸರು ಅಂದೆ?"

"ಗೌರಮ್ಮ."

"ಈ ಕಾಲದಲ್ಲಿ ಏಳು ವರ್ಷದ ಮಗೂಗೆ ಗೌರಮ್ಮ ಅಂತ ಯಾರೇ ಇಡ್ತಾರೆ?"

"ಈಗ ಹಳೇ ಹೆಸರೇ ಫ್ಯಾಷನ್ ಅಲ್ವಾ ಮೇಡಂ" ಎಂದು ನಕ್ಕಳು.

ಫ್ಯಾಷನ್ನಂತೆ! ಮಹತಿ, ಅಭಿರಾಮ್, ಸಮರ್ಥ ಎಂದೆಲ್ಲ ಇರುವ ಕ್ಲಾಸಿನ ನಡುವೆ ಒಬ್ಬಳು ಗೌರಮ್ಮ. ಇದು ಮಗುವಿನ ಹೆಸರಲ್ಲ, ಯಾರದೋ ಕಾಗದಪತ್ರದ ಹೆಸರು ಎಂದು ನನ್ನ ತಲೆಯಲ್ಲಿ ಆಗಲೇ ಹುಳ ಹೊಕ್ಕಿತು.

ಸೌಜನ್ಯಳನ್ನು ಕಳಿಸಿ ಮಗುವನ್ನು ಒಳಗೆ ಕೂರಿಸಿಕೊಂಡೆ. ಬಣ್ಣದ ಪೆನ್ಸಿಲ್ಲಿನ ಡಬ್ಬಿ ಮುಂದಿಟ್ಟೆ.

"ನಿನ್ನ ಹೆಸರೇನು ಪುಟ್ಟಿ?"

"ಅಮ್ಮಯ್ಯ."

"ಮನೇಲಿ ಯಾರು ಹಾಗೆ ಕರೀತಾರೆ?"

"ಎಲ್ರೂ. ಅಮ್ಮ, ಅಪ್ಪ, ತಾತ. ಹಳೇ ಸ್ಕೂಲ್ ಮಿಸ್ಸೂ."

"ಗೌರಮ್ಮ ಅಂತ ಯಾರೂ ಕರೆಯಲ್ವಾ?"

ಮಗು ಒಂದು ಸಲ ಬಾಗಿಲ ಕಡೆ ನೋಡಿತು. ಆಮೇಲೆ ದನಿ ತಗ್ಗಿಸಿ, "ಆ ಹೆಸ್ರು ಮನೇಲಿ ಹೇಳ್ಬಾರ್ದು. ಸ್ಕೂಲಲ್ಲಿ ಮಾತ್ರ" ಎಂದಿತು.

ನನ್ನ ಕಿವಿ ನೆಟ್ಟಗಾಯಿತು. "ತಪ್ಪು ಮಾಡಿದ್ರೆ ಅಮ್ಮ ಬೈತಾರಾ?" ಎಂದು ಕೇಳಿದೆ.

"ಜೋರಾಗಿ ಬೈಯಲ್ಲ. ಬನ್ನಿ, ಊಟ ಮಾಡಿ, ಹಂಗೆ ಮಾಡ್ಬಾರ್ದು ಅಂತಾರೆ."

"ಬನ್ನಿ ಅಂತಾರಾ? ಬಾ ಅನ್ನಲ್ವಾ?"

"ಬನ್ನಿ ಅಂತಾರೆ" ಎಂದು ಮಗು ನನ್ನನ್ನೇ ವಿಚಿತ್ರವಾಗಿ ನೋಡಿತು.

ಹೆತ್ತ ತಾಯಿ ಏಳು ವರ್ಷದ ಮಗಳಿಗೆ ಮುದ್ದಿಗೆ ಒಂದು ಸಲ ಬನ್ನಿ ಎನ್ನಬಹುದು. ಯಾವಾಗಲೂ ಬನ್ನಿ ಎನ್ನುವವಳು ತಾಯಿಯಲ್ಲ, ಕೆಲಸದವಳು. ನೋಟ್ ಪುಸ್ತಕದಲ್ಲಿ ಬರೆದುಕೊಂಡೆ: ತಾಯಿ ಎಂದು ಹೇಳಿಕೊಳ್ಳುವ ಹೆಂಗಸು. ಆಮೇಲೆ ಮಗುವಿಗೆ ಮನೆಯ ಚಿತ್ರ ಬರೆ ಎಂದೆ. ಬರೆಯಿತು. ನಡುವೆ ಮಣೆ, ಮಣೆಯ ಮೇಲೆ ಎರಡು ಜಡೆಯ ಹುಡುಗಿ, ಮುಂದೆ ದೀಪ, ಬಾಳೆಲೆ ತುಂಬ ಊಟ. ಎದುರಿಗೆ ಕೈ ಮುಗಿದುಕೊಂಡು ನಿಂತ ಮುದುಕ.

"ಇದು ಯಾರು?"

"ನಾನು. ಹಬ್ಬದ ದಿವ್ಸ ತಾತ ಕೈ ಮುಗೀತಾ ಇರೋದು. ಹೊಸಾ ಸೀರೆನೂ ಇಟ್ಟಿದ್ರು."

"ಮನೆ ಹಿಂದೆ ಕಪ್ಪಗಿದೆಯಲ್ಲ, ಅದೇನು?"

"ಗುಂಡಿ. ತಾತ ತೋಡಿಸ್ತಾವ್ರೆ."

ಅಯ್ಯೋ ನಾರಾಯಣ! ಕೂರಿಸಿ ಪೂಜೆ ಮಾಡಿದ ಮಗು, ಮನೆಯ ಹಿಂದೆ ಗುಂಡಿ. ನಿಧಿಯಾಸೆಗೆ ಏನೇನೋ ಮಾಡುತ್ತಾರೆ ಎಂದು ಟೀವಿಯವರು ಕೆಂಪಕ್ಷರದಲ್ಲಿ ತೋರಿಸುತ್ತಲೇ ಇರುತ್ತಾರೆ. ಈಗ ಕೇಳಿದರೆ ನಿಮಗೆ ನಗು ಬರಬಹುದು, ಅವತ್ತು ನನಗೆ ನಿಜವಾಗಿ ಹೆದರಿಕೆಯಾಗಿತ್ತು.

ಬುಧವಾರ ತಾಯಿಯನ್ನು ಕರೆಸಿದೆ. ಶಾಂತಲಾ ಎಂದು ಹೆಸರು, ಮೂವತ್ತರ ಆಸುಪಾಸು. ಚೂಡಿದಾರ ಹಾಕಿಕೊಂಡು ಸ್ಕೂಟಿಯಲ್ಲಿ ಬಂದಿದ್ದಳು. ಬಾಗಿಲಲ್ಲೇ ನಿಂತು ನನ್ನ ಹೆಸರಿನ ಫಲಕವನ್ನು ಎರಡು ಸಲ ಓದಿದಳು, ಫೋನೆತ್ತಿ ಅದರ ಫೋಟೋ ತೆಗೆದಳು.

"ಯಾಕಮ್ಮ ಫೋಟೋ?"

"ನಮ್ಮನೆಯವ್ರಿಗೆ ಕಳಿಸೋಕೆ. ಎಲ್ಲಿ ಕೂತಿದೀನಿ ಅಂತ ಗೊತ್ತಿರ್ಲಿ." ಕುರ್ಚಿಯ ತುದಿಯಲ್ಲಿ ಕೂತು ಬ್ಯಾಗನ್ನು ಮಡಿಲಲ್ಲಿ ಅವಚಿಕೊಂಡಳು. "ನೀವು ಡಾಕ್ಟ್ರಾ ಮೇಡಂ?"

"ಅಲ್ಲ, ಕೌನ್ಸೆಲರ್."

"ತಲೆ ಸರಿ ಇಲ್ದೋರ್ನ ನೋಡೋರಾ?"

"ಛೆ, ಹಾಗೇನಿಲ್ಲ. ಸುಮ್ನೆ ಮಾತಾಡೋಣ ಅಂತ ಕರೆಸಿದೆ."

"ಸುಮ್ನೆ ಮಾತಾಡೋರು ಪೆನ್ನು ಪೇಪರ್ ಯಾಕೆ ಇಟ್ಕೊಂಡಿದೀರ?"

ಎಲಾ ಇವಳ! ಮಾತಿಗೆ ಮಾತು ಕೊಡುವವರು ಏನನ್ನೋ ಮುಚ್ಚಿಡುತ್ತಿರುತ್ತಾರೆ ಎಂಬುದು ನನ್ನ ಹನ್ನೊಂದು ವರ್ಷದ ಅನುಭವ. ನಾನೂ ಮುಖ ಗಟ್ಟಿ ಮಾಡಿಕೊಂಡು ಫಾರಂ ತೆಗೆದೆ.

"ಗಂಡನ ಹೆಸರು?"

"ಯಶವಂತ್."

ಪಟ್ಟನೆ ಬಂತು. ಗಂಡನ ಹೆಸರು ಹೇಳಲು ನಾಚುವ ಹೆಂಗಸರನ್ನು ನಾನು ಬೇಕಾದಷ್ಟು ನೋಡಿದ್ದೇನೆ, ಇವಳು ಅವರ ಪೈಕಿಯಲ್ಲ. ಮುಂದಿನದು ಕೇಳಿದೆ.

"ಮಗುವಿನ ಹೆಸರು?"

ಶಾಂತಲಾ ಮೇಜಿನ ಮೇಲಿದ್ದ ಫೈಲಿನ ಕಡೆ ಬೆರಳು ಮಾಡಿದಳು.

"ನಿಮ್ಮ ಫೈಲಲ್ಲೇ ಐತಲ್ಲ ಮೇಡಂ, ನೋಡಿ ಬರ್ಕೊಳಿ" ಎಂದಳು.

"ಇಲ್ಲ, ನಿಮ್ಮ ಬಾಯಲ್ಲೇ ಹೇಳಿ."

ಅವಳ ಮುಖ ಕೆಂಪೇರಿತು. ಬಾಯಿ ತೆರೆದಳು, ಮುಚ್ಚಿದಳು, ಬ್ಯಾಗಿನ ಜಿಪ್ಪನ್ನು ಎಳೆದಳು. ಆಮೇಲೆ ನೆಲ ನೋಡಿಕೊಂಡು, "ನನ್ ಕೈಲಾಗಲ್ಲ" ಎಂದಳು.

ಆಗ ನಾನು ಯಾಕೆ ಎಂದು ಕೇಳಬೇಕಿತ್ತು. ಕೇಳಲಿಲ್ಲ. ಒತ್ತಾಯ ಮಾಡಬೇಡಿ, ಗಮನಿಸಿ, ಬರೆದುಕೊಳ್ಳಿ ಎಂದು ತರಬೇತಿಯಲ್ಲಿ ಹೇಳಿದ್ದರಲ್ಲ, ಗಮನಿಸಿದೆ, ಬರೆದುಕೊಂಡೆ. ಮಗುವಿನ ಹೆಸರು ಹೇಳಲು ನಿರಾಕರಣೆ. ಕೆಳಗೆ ಎರಡು ಗೆರೆ ಬೇರೆ ಎಳೆದೆ. ಅವಳು ಆ ಗೆರೆಗಳನ್ನು ತಲೆಕೆಳಗಾಗಿಯೇ ನೋಡುತ್ತಿದ್ದಳು.

"ಹೆರಿಗೆ ಯಾವ ಆಸ್ಪತ್ರೇಲಿ ಆಯ್ತು?"

"ಯಾಕೆ?"

"ಸುಮ್ನೆ ಕೇಳ್ದೆ."

"ಬಂದಾಗ್ನಿಂದ ಸುಮ್ನೆ ಸುಮ್ನೆ ಅಂತಾನೇ ಎಲ್ಲಾ ಕೇಳ್ತಾ ಇದೀರ ಮೇಡಂ. ನನ್ ಮಗೂಗೆ ಹುಚ್ಚು ಅಂತ ಬರ್ದಿದ್ರೆ ಈಗ್ಲೇ ಹೇಳ್ಬಿಡಿ. ನಾಳೆ ಅವ್ರಿಗೆ ಕೆಟ್ಟ ಹೆಸ್ರು ಬಂದ್ರೆ ನಮ್ಮ ಮಾವ ತಡ್ಕೊಳಲ್ಲ."

ಮಗೂಗೆ ಎಂದವಳು ಮರುಕ್ಷಣವೇ ಅವ್ರಿಗೆ ಎಂದಳು. ಅದನ್ನೂ ಬರೆದುಕೊಂಡೆ. ಶಾಲೆ ಬಿಟ್ಟಾಗ ಕಿಟಕಿಯಿಂದ ನೋಡಿದೆ. ಮಗು ಕೈ ಬೀಸಿಕೊಂಡು ಮುಂದೆ ಹೋಗುತ್ತಿತ್ತು, ಅವಳು ಬ್ಯಾಗು, ನೀರಿನ ಬಾಟಲಿ ಎರಡನ್ನೂ ಹೊತ್ತು ಹಿಂದೆ ಹೋಗುತ್ತಿದ್ದಳು. ಯಾವ ತಾಯಿ ಬೇಕಾದರೂ ಹಾಗೆ ಹೋಗುತ್ತಾಳೆ. ನನ್ನ ಕಣ್ಣಿಗೆ ಮಾತ್ರ ಅದು ಆಯಾ ನಡೆದಂತೆ ಕಂಡಿತು.

ಪ್ರಿನ್ಸಿಪಾಲರಿಗೆ ಹೇಳಿದರೆ, "ನಿಮ್ಮ ವಿವೇಚನೆಗೆ ಬಿಟ್ಟಿದ್ದು ಮೇಡಂ" ಎಂದು ಮೀಟಿಂಗಿಗೆ ಓಡಿದರು. ಗುರುವಾರ ಬೆಳಿಗ್ಗೆ ಫೋನನ್ನು ಮುಂದಿಟ್ಟುಕೊಂಡು ಅರ್ಧ ಗಂಟೆ ಕೂತೆ. ನಾನು ಅಂದುಕೊಂಡದ್ದು ತಪ್ಪಾದರೆ ಒಂದು ಮನೆಯವರಿಗೆ ಅವಮಾನ. ಸರಿಯಾಗಿದ್ದೂ ಸುಮ್ಮನಿದ್ದರೆ ಒಂದು ಮಗು ಹೋಗುತ್ತದೆ. ಮಕ್ಕಳ ಸಹಾಯವಾಣಿಗೆ ಫೋನ್ ಮಾಡಿದೆ.

ಹನ್ನೆರಡು ಗಂಟೆಗೆ ಇಬ್ಬರು ಜೀಪಿನಲ್ಲಿ ಬಂದರು. ಮುಕ್ತಾರ್ ಎಂಬ ನಲವತ್ತರ ಅಧಿಕಾರಿ, ಜೊತೆಗೆ ಒಬ್ಬ ಮಹಿಳಾ ಸಿಬ್ಬಂದಿ. ಅವರು ಬ್ಯಾಟರಾಯನಪುರದವರೇ ಅಂತೆ. ನನ್ನ ನೋಟ್ಸನ್ನು ಮೊದಲಿಂದ ಕೊನೆಯವರೆಗೆ ಓದಿ, ಚಿತ್ರವನ್ನೂ ನೋಡಿ, ಪುಸ್ತಕ ಮುಚ್ಚಿದರು.

"ಅನುಮಾನ ಬಂದಾಗ ಫೋನ್ ಮಾಡಿದ್ದು ಒಳ್ಳೇದು ಮೇಡಂ. ಮನೆಯವ್ರು ಬರ್ಲಿ, ಕಾಗದ ನೋಡೋಣ. ಸಂಶಯ ಉಳಿದ್ರೆ ಮಾತ್ರ ಇವತ್ತು ಮಗೂನ ಮನೆಗೆ ಕಳಿಸೋಕಾಗಲ್ಲ. ಮಕ್ಕಳ ಕಲ್ಯಾಣ ಸಮಿತಿ ಮುಂದೆ ಕರ್ಕೊಂಡು ಹೋಗ್ಬೇಕಾಗುತ್ತೆ" ಎಂದರು.

ಶಾಂತಲಾ ಬಂದಳು, ಜೊತೆಗೆ ಮಾವ ಪಿಳ್ಳಪ್ಪ. ಬಿಳೀ ಪಂಚೆ, ಹೆಗಲ ಮೇಲೆ ಟವೆಲ್ಲು, ಬೆರಳಲ್ಲಿ ದಪ್ಪ ಉಂಗುರ. ಶಾಲೆಯ ಹಿಂದಿನ ಬೀದಿಯಲ್ಲಿ ಹುಡುಗರಿಗೆ ಬಾಡಿಗೆ ಕೊಟ್ಟಿರುವ ಎರಡು ಕಟ್ಟಡ ಅವರದೇ ಎಂದು ಆಮೇಲೆ ತಿಳಿಯಿತು. ಗೇಟಿನ ಹತ್ತಿರ ನಿಂತ ಜೀಪನ್ನು ನೋಡಿದಾಗಲೇ ಶಾಂತಲಾಳ ಮುಖ ಬಿಳಿಚಿಕೊಂಡಿತ್ತು.

"ಪೋಲೀಸ್ನೋರಾ ಸ್ವಾಮಿ?" ಎಂದರು ಪಿಳ್ಳಪ್ಪ.

"ಅಲ್ಲ ಯಜಮಾನ್ರೇ, ಮಕ್ಕಳ ಸಹಾಯವಾಣಿ. ಕೂತ್ಕೊಳಿ. ಮಗುವಿನ ಜನನ ಪತ್ರ ಇದೆಯಾ?"

"ಬೀರಿನಾಗೆ ಐತೆ. ಬೀಗದ ಕೈ ನನ್ ಮಗನ ತಾವ. ಯಶವಂತಪುರಕ್ಕೆ ಓಗಿದ್ದ, ವಾಪಸ್ ಬತ್ತಾವ್ನೆ. ಎಬ್ಬಾಳದ ಟ್ರಾಫಿಕ್ಕಿನಾಗೆ ಸಿಕ್ಕಾಕ್ಕೊಂಡವ್ನಂತೆ."

ಕಾಗದ ಮನೆಯಲ್ಲೇ ಇದೆಯಂತೆ, ಆದರೆ ಈಗ ಸಿಗುವುದಿಲ್ಲವಂತೆ. ನಾನು ಮುಕ್ತಾರ್ ಕಡೆ ಒಂದು ನೋಟ ಬಿಸಾಡಿದೆ. ಶಾಂತಲಾ ಫೋನು ತೆಗೆದು ಫೋಟೋಗಳನ್ನು ತೋರಿಸತೊಡಗಿದಳು. ಆಸ್ಪತ್ರೆಯ ಮಂಚ, ಬಟ್ಟೆಯಲ್ಲಿ ಸುತ್ತಿದ ಕೂಸು, ಮೊದಲ ಹುಟ್ಟುಹಬ್ಬ. ಮುಕ್ತಾರ್ ಒಂದೊಂದನ್ನೂ ನಿಧಾನವಾಗಿ ನೋಡುತ್ತಿದ್ದರು. ನಾನು ಬಾಯಿ ಮುಚ್ಚಿಕೊಂಡಿರಬಹುದಿತ್ತು. ಆದರೆ ಅದು ನನ್ನ ಜಾಯಮಾನದಲ್ಲೇ ಇಲ್ಲ.

"ಫೋಟೋ ಯಾರ ಹತ್ರ ಬೇಕಾದ್ರೂ ಇರುತ್ತೆ ಸರ್" ಎಂದೆ. "ಮಗುವಿನ ಹೆಸರೇನು ಅಂತ ಒಂದೇ ಒಂದು ಪ್ರಶ್ನೆ ಕೇಳಿ. ತಾಯಿಯಾಗಿದ್ರೆ ಹೇಳ್ಲಿ."

ಶಾಂತಲಾ ಫೋನನ್ನು ಕೆಳಗಿಳಿಸಿದಳು. ಪಿಳ್ಳಪ್ಪನವರು ನನ್ನನ್ನು ದುರುಗುಟ್ಟಿ ನೋಡಿದರು.

"ಅವ್ಳು ಏಳಕ್ಕಿಲ್ಲ" ಎಂದರು. "ನಾನೂ ಏಳಕ್ಕಿಲ್ಲ. ನಮ್ಮನೇಲಿ ಆ ಎಸ್ರು ಯಾರೂ ಎತ್ತಕ್ಕಿಲ್ಲ."

ನೋಡಿದಿರಾ, ನಾನು ಹೇಳಲಿಲ್ಲವೇ ಎನ್ನುವ ಮುಖ ಮಾಡಿಕೊಂಡು ಮುಕ್ತಾರ್ ಕಡೆ ತಿರುಗಿದೆ. ಅವರು ನನ್ನನ್ನು ನೋಡಲೇ ಇಲ್ಲ. ಕುರ್ಚಿಯನ್ನು ಸ್ವಲ್ಪ ಮುಂದಕ್ಕೆ ಎಳೆದುಕೊಂಡು, "ಯಾಕೆ ಯಜಮಾನ್ರೇ?" ಎಂದರು.

ಅಷ್ಟೇ ಕೇಳಿದ್ದು. ಮುದುಕ ಹೆಗಲ ಟವೆಲ್ಲು ತೆಗೆದು ಕೈಯಲ್ಲಿ ಮುದುರಿಕೊಂಡರು.

"ಅದು ನಮ್ಮನೆಯವಳ ಎಸ್ರು ಸ್ವಾಮಿ" ಎಂದರು. "ಈ ಮಗು ವಟ್ಟೇಲಿತ್ತು, ಇನ್ನು ಅದಿನೈದು ದಿನ ಐತೆ ಅನ್ನಂಗೆ ಅವ್ಳು ಓಗ್ಬುಟ್ಲು. ಇವ್ಳು ತುಂಬು ಬಸುರಿ, ಆದ್ರೂ ಕಡೇ ದಿನದ ಗಂಟ ಅತ್ತೆಗೆ ಇವ್ಳೇ ಗಂಜಿ ಕುಡ್ಸಿದ್ದು. ಎಣ್ಣು ಮಗು ಉಟ್ತು. ದೇವ್ರು ಅವ್ಳನ್ನೇ ವಾಪಸ್ ಕಳ್ಸವ್ನೆ ಅಂತ ಅದೇ ಎಸ್ರು ಮಡಗಿದ್ವಿ. ಮಡಗಿದ್ದೇನೋ ಸರಿ, ಕರೆಯೋರ್ ಯಾರು? ಸೊಸೆ ಆದೋಳು ಅತ್ತೆ ಎಸ್ರು ಇಡ್ದು ಕರೆಯಕ್ಕಾಯ್ತದಾ? ಮಕ್ಳು ಅಂದ್ಮೇಲೆ ಒಂದು ಕಿತ ಬೈಬೇಕು, ಒಂದು ಕಿತ ಗದರಬೇಕು. ಆ ಎಸ್ರು ಇಡ್ದು ಎಂಗೆ ಗದರೋದು? ಅದ್ಕೇ ಅಮ್ಮಯ್ಯ ಅಂತೀವಿ, ಇವ್ಳು ಬನ್ನಿ ಓಗಿ ಅಂತಾಳೆ. ಪಕ್ಸದಾಗೆ ಅವ್ಳಿಗೆ ಎಡೆ ಮಡಗ್ದಾಗ ಮಗೀನೂ ಪಕ್ಕದಾಗೆ ಕುಂದ್ರಿಸ್ತೀನಿ. ತಪ್ಪಾ?"

ಆದರೂ ನಾನು ಬಿಡದೆ ಕೇಳಿದೆ, "ಮನೆ ಹಿಂದೆ ಗುಂಡಿ ತೋಡಿಸ್ತಿದೀರಂತೆ..."

"ಸಂಪು ಕಣಮ್ಮ" ಎಂದರು ಪಿಳ್ಳಪ್ಪ. "ನೀರಿನ ಸಂಪು."

ನನಗೊಬ್ಬ ಅಣ್ಣ ಇದ್ದಾನೆ, ತ್ರಿವಿಕ್ರಮ. ತಾತನ ಹೆಸರು. ನಮ್ಮಮ್ಮ ಎಪ್ಪತ್ತೆಂಟು ವರ್ಷ ಬದುಕಿದರು, ಒಂದು ದಿನವೂ ಅವನನ್ನು ಆ ಹೆಸರಿನಿಂದ ಕರೆಯಲಿಲ್ಲ. ಮಾವನವರ ಹೆಸರು ನಾಲಿಗೆಯ ಮೇಲೆ ಬರಬಾರದೆಂದು ಅವನು ಅವರಿಗೆ ಸಾಯುವ ತನಕ ಅಂಬಿ. ಕೊನೆಯಲ್ಲಿ ಆಸ್ಪತ್ರೆಯವರು ಜೊತೆಗಿರುವವರ ಹೆಸರು ಕೇಳಿದಾಗ ನನ್ನ ಕಡೆ ತೋರಿಸಿ, ಇವಳನ್ನು ಕೇಳಿ ಎಂದಿದ್ದರು. ಮನೆಗೆ ಬಂದ ನೆಂಟರಿಗೆಲ್ಲ ನಾನು ಇದನ್ನು ಎಷ್ಟು ಸಲ ಹೆಮ್ಮೆಯಿಂದ ಹೇಳಿಲ್ಲ! ನಮ್ಮ ಮನೆಯಲ್ಲಿ ಅದು ಸಂಪ್ರದಾಯ. ಪಿಳ್ಳಪ್ಪನವರ ಮನೆಯಲ್ಲಿ ನಾನು ಅದಕ್ಕೆ ಎರಡು ಗೆರೆ ಎಳೆದು ಜೀಪು ಕರೆಸಿದೆ. ನನ್ನ ಮೇಲೆ ನನಗೇ ಅಸಹ್ಯವಾಯಿತು.

"ಅರ್ಥ ಆಯ್ತು ಯಜಮಾನ್ರೇ" ಎಂದರು ಮುಕ್ತಾರ್. "ಕಾಗದ ಬರ್ಲಿ, ಒಂದು ಸಲ ನೋಡಿ ಮುಗಿಸ್ತೀನಿ. ಅಮ್ಮಾ, ನೀವು ಏನೂ ಹೇಳ್ಬೇಕಾಗಿಲ್ಲ."

ಆದರೆ ಶಾಂತಲಾ ಕೇಳಿಸಿಕೊಳ್ಳಲಿಲ್ಲ. ಅವಳು ಕಿಟಕಿಯಾಚೆ ನೋಡುತ್ತಿದ್ದಳು. ಅಲ್ಲಿ ಮುಕ್ತಾರ್ ಜೊತೆ ಬಂದಿದ್ದ ಹೆಂಗಸು ಮಗುವಿನ ಕೈ ಹಿಡಿದು ಅಂಗಳ ದಾಟಿಸುತ್ತಿದ್ದಳು. ನೀರು ಕುಡಿಸಲು ಕರೆದೊಯ್ಯುತ್ತಿದ್ದದ್ದು ಅಷ್ಟೇ, ನಲ್ಲಿ ಗೇಟಿನ ಪಕ್ಕದಲ್ಲಿದೆ. ಜೀಪೂ ಅಲ್ಲೇ ನಿಂತಿತ್ತು.

"ಹೇಳ್ತೀನಿ!" ಎಂದು ಶಾಂತಲಾ ಎದ್ದಳು, ಕುರ್ಚಿ ಹಿಂದಕ್ಕೆ ಬಿತ್ತು. "ಹೇಳ್ತೀನಿ, ಕರ್ಕೊಂಡು ಹೋಗ್ಬೇಡಿ, ಹೇಳ್ತೀನಿ!" ನಾನು, ಮುಕ್ತಾರ್ ಇಬ್ಬರೂ ಬೇಡ ಬೇಡ ಎನ್ನುವಷ್ಟರಲ್ಲಿ ಅವಳು ಜಗಲಿಗೆ ಓಡಿದ್ದಳು. ಇಡೀ ಶಾಲೆಗೆ ಕೇಳುವ ಹಾಗೆ ಕೂಗಿದಳು.

"ಗೌರಮ್ಮಾ! ಗೌರಮ್ಮಾ!"

ಮಗು ಗಕ್ಕನೆ ನಿಂತು ತಿರುಗಿತು. ತಾಯಿಯ ಬಾಯಲ್ಲಿ ಆ ಹೆಸರನ್ನು ಅದು ಹುಟ್ಟಿದಾಗಿನಿಂದ ಕೇಳಿರಲಿಲ್ಲ. ಆ ಹೆಸರೆಂದರೆ ಅದಕ್ಕೆ ಶಾಲೆ, ಎದ್ದು ನಿಲ್ಲುವುದು, ಯಾಕೆ ಉತ್ತರ ಕೊಡಲಿಲ್ಲ ಎಂದು ಗದರಿಸಿಕೊಳ್ಳುವುದು.

"ನಾನೇನೂ ಮಾಡಿಲ್ಲ ಅಮ್ಮಾ" ಎಂದು ಜೋರಾಗಿ ಅಳತೊಡಗಿತು. "ನಾನೇನೂ ಮಾಡಿಲ್ಲ!"

ನನ್ನ ಪಕ್ಕದಲ್ಲಿ ಪಿಳ್ಳಪ್ಪನವರು ಬಾಗಿಲು ಹಿಡಿದುಕೊಂಡು ನಿಂತಿದ್ದರು. ಹೆಂಡತಿಯ ಹೆಸರು ಅಷ್ಟು ಜೋರಾಗಿ ಕಿವಿಗೆ ಬಿದ್ದದ್ದೇ ತಡ, ನಿಂತಲ್ಲೇ ಕುಸಿದು ಹೊಸ್ತಿಲ ಮೇಲೆ ಕೂತುಬಿಟ್ಟರು, ಟವೆಲ್ಲನ್ನು ಮುಖಕ್ಕೆ ಒತ್ತಿಕೊಂಡರು. ಅಂಗಳದಲ್ಲಿ ಶಾಂತಲಾ ಮಗುವಿನ ಹತ್ತಿರ ಓಡಿ, ಅದರ ಎರಡೂ ಪಾದ ಹಿಡಿದುಕೊಂಡಳು.

"ತಪ್ಪಾಯ್ತು ಅತ್ತೆಮ್ಮ, ಬಾಯಿ ತಪ್ಪಿ ಕೂಗ್ಬಿಟ್ಟೆ, ತಪ್ಪಾಯ್ತು..."

ಮಗು ಹೆದರಿ ಒಂದು ಹೆಜ್ಜೆ ಹಿಂದೆ ಸರಿಯಿತು. ಮಧ್ಯಾಹ್ನದ ಊಟದ ಬೆಲ್ಲು ಹೊಡೆದು ಮಕ್ಕಳು ಹೊರಗೆ ಬರುತ್ತಿದ್ದರು. ಸೌಜನ್ಯ ಓಡಿಬಂದು ಅವರನ್ನೆಲ್ಲ ಒಳಗೆ ಅಟ್ಟಿದಳು.

ಮುಕ್ಕಾಲು ಗಂಟೆಯ ಮೇಲೆ ಯಶವಂತ್ ಕಾಗದ ಹಿಡಿದುಕೊಂಡು ಬಂದ. ಎಲ್ಲ ಸರಿಯಾಗಿತ್ತು. ಮುಕ್ತಾರ್ ಎರಡು ಸಾಲು ಬರೆದು ರುಜು ಹಾಕಿ, ಪಿಳ್ಳಪ್ಪನವರ ಕೈ ಹಿಡಿದು ಏನೋ ಹೇಳಿ ಹೊರಟರು. ಯಶವಂತ್ ನನ್ನ ಮೇಲೆ ಕೂಗಾಡುತ್ತಾನೆ ಎಂದು ಕಾದೆ, ಕೂಗಾಡಿದ್ದರೆ ಚೆನ್ನಾಗಿರುತ್ತಿತ್ತು. ಅವನು ಅಪ್ಪನ ಪಕ್ಕದಲ್ಲಿ ಕೂತು ನೀರು ಕುಡಿಸಿ, ಕಾರು ತಿರುಗಿಸಿಕೊಂಡು ಬರುತ್ತೇನೆಂದು ಹೊರಗೆ ಹೋದ.

ನಾನು ಶಾಂತಲಾ ಹತ್ತಿರ ಹೋದೆ. "ನಂದು ತಪ್ಪಾಯ್ತು ಕಣಮ್ಮ, ದೊಡ್ಡ ತಪ್ಪಾಯ್ತು" ಎಂದೆ. ಐವತ್ತೆರಡು ವರ್ಷದಲ್ಲಿ ನಾನು ಎದುರಿಗೆ ನಿಂತು ತಪ್ಪೊಪ್ಪಿಕೊಂಡದ್ದು ಕಡಿಮೆ.

ಅವಳು ಕಣ್ಣೊರೆಸಿಕೊಂಡಳು. "ನಿನ್ನೆ ಯಾಕಮ್ಮ ಅಂತ ಒಂದು ಮಾತು ಕೇಳಿದ್ರೆ ಹೇಳ್ತಿದ್ದೆ ಮೇಡಂ" ಎಂದಳು. "ನಗ್ತೀರೇನೋ ಅಂತ ನಂಗೂ ನಾಚಿಕೆ ಇತ್ತು. ಆದ್ರೂ ಕೇಳಿದ್ರೆ ಹೇಳ್ತಿದ್ದೆ. ನೀವು ಕೇಳ್ಲೇ ಇಲ್ಲ, ಬರ್ಕೊಂಡ್ರಿ."

ಅವಳು ಮಗುವಿನ ಬ್ಯಾಗನ್ನು ಹೆಗಲಿಗೆ ಹಾಕಿಕೊಂಡಳು. ಪಿಳ್ಳಪ್ಪನವರು ಒಂದು ಕೈಯಲ್ಲಿ ಗೋಡೆ, ಇನ್ನೊಂದು ಕೈಯಲ್ಲಿ ಮೊಮ್ಮಗಳನ್ನು ಹಿಡಿದು ಮೆಟ್ಟಿಲಿಳಿದರು. ಮಗು ಇನ್ನೂ ಬಿಕ್ಕುತ್ತಿತ್ತು. ಅಂಗಳದ ನಡುವೆ ಬಂದಾಗ ಅದು ತಾತನ ಕೈ ಬಿಡಿಸಿಕೊಂಡು ತಾಯಿಯ ಕಡೆ ತಿರುಗಿತು.

"ಅಮ್ಮಾ, ಇನ್ಮೇಲೆ ನನ್ನ ಅಮ್ಮಯ್ಯ ಅನ್ನಲ್ವಾ?"

"ಅಂತೀನಿ" ಎಂದಳು ಶಾಂತಲಾ.

"ಮತ್ತೆ ಈಗ ಅನ್ನು."

ಶಾಂತಲಾ ನಿಂತಳು. ಮಗು ಕತ್ತೆತ್ತಿ ಅವಳ ಬಾಯನ್ನೇ ನೋಡುತ್ತಿತ್ತು. ಅವಳು ಬಾಯಿ ತೆರೆದಳು, ಗಂಟಲು ಸರಿ ಮಾಡಿಕೊಂಡಳು, ಮತ್ತೆ ತೆರೆದಳು. ಆಗಲೇ ಕೂಗಿದ ಆ ಇನ್ನೊಂದು ಹೆಸರೇ ನಾಲಿಗೆಯ ಮೇಲೆ ಕೂತಿತ್ತೋ ಏನೋ, ಅಮ್ಮಯ್ಯ ಎನ್ನಲು ಧ್ವನಿ ಹೊರಡಲಿಲ್ಲ. ಮಗು ಇನ್ನೂ ಸ್ವಲ್ಪ ಹೊತ್ತು ಕಾಯಿತು. ಆಮೇಲೆ ತಾತನ ಪಂಚೆಯ ಅಂಚು ಹಿಡಿದುಕೊಂಡು ಗೇಟಿನ ಕಡೆ ನಡೆಯಿತು.